ಒಂದೇ ಸಲ ಇಳಿಯುವ ವಿಮಾನ

ಇಂಜಿನ್ ಇಲ್ಲದ ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರಾಗಿದ್ದೆ ಎಂದು ಯಾರಿಗಾದರೂ ಹೇಳಿದರೆ ಮೊದಲ ಪ್ರಶ್ನೆ ಏನು ಬರುತ್ತದೆಂದು ನನಗೆ ಗೊತ್ತು. ‘ಇಂಜಿನ್ ಇಲ್ಲದೆ ಅದು ಮೇಲೆ ಹೇಗೆ ಹೋಗುತ್ತೆ?’ ದೊಡ್ಡವರು ಅಲ್ಲಿಗೇ ನಿಲ್ಲಿಸಿ ಕಾಫಿ ಕುಡಿಯುತ್ತಾರೆ. ಮಕ್ಕಳು ನಿಲ್ಲಿಸುವುದಿಲ್ಲ. ಒಮ್ಮೆ ಒಂದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, ‘ಸರ್, ಇಳಿಯೋವಾಗ ಲೆಕ್ಕ ತಪ್ಪಿದ್ರೆ ಇನ್ನೊಂದು ರೌಂಡ್ ಹೋಗೋಕೆ ಆಗಲ್ವಲ್ಲ, ಆಗ ಏನ್ ಮಾಡ್ತೀರಿ?’ ಎಂದು ಕೇಳಿದ. ನನ್ನ ಇಡೀ ಕೆಲಸವನ್ನು ಆ ಹುಡುಗ ಒಂದೇ ಪ್ರಶ್ನೆಯಲ್ಲಿ ಹಿಡಿದುಬಿಟ್ಟಿದ್ದ.

ಇಂಜಿನ್ ಇರುವ ವಿಮಾನದ ಪೈಲಟ್‌ಗೆ ಆ ಅನುಕೂಲ ಇದೆ. ಇಳಿಯುವ ಲೆಕ್ಕ ಸರಿಬರಲಿಲ್ಲ ಅನ್ನಿಸಿದರೆ ಇಂಜಿನ್ ಜೋರು ಮಾಡಿ ಮತ್ತೆ ಮೇಲೇರಿ, ಸುತ್ತು ಹಾಕಿ ಬರಬಹುದು. ವಿಮಾನ ಇನ್ನೇನು ನೆಲ ಮುಟ್ಟಿತು ಅನ್ನುವಷ್ಟರಲ್ಲಿ ಸದ್ದು ಮಾಡುತ್ತ ಮೇಲೆದ್ದು, ಪಕ್ಕದವರ ಕೈ ಗಟ್ಟಿಯಾಗಿ ಹಿಡಿದುಕೊಂಡ ಅನುಭವ ಕೆಲವು ಅಜ್ಜ ಅಜ್ಜಿಯರಿಗೂ ಆಗಿರಬಹುದು. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ, ಅದು ಪೈಲಟ್‌ನ ಜಾಣತನ. ಗ್ಲೈಡರ್‌ಗೆ ಮಾತ್ರ ಆ ಎರಡನೇ ಅವಕಾಶ ಇಲ್ಲ. ನೆಲದ ಹತ್ತಿರ ಬಂದ ಮೇಲೆ ಇಳಿಯಲೇಬೇಕು, ಅದೂ ಒಂದೇ ಸಲಕ್ಕೆ. ಹಾಗಿದ್ದರೂ ಲೋಕದಲ್ಲಿ ದಿನವೂ ಸಾವಿರಾರು ಗ್ಲೈಡರುಗಳು ಸುರಕ್ಷಿತವಾಗಿ ಇಳಿಯುತ್ತವೆ. ಹದಿನಾರು ಹದಿನೇಳು ವರ್ಷದ ಹುಡುಗ ಹುಡುಗಿಯರು ಒಬ್ಬರೇ ಕುಳಿತು ಇಳಿಸುತ್ತಾರೆ. ಅದು ಹೇಗೆ ಎನ್ನುವುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಗ್ಲೈಡರ್ ಎಂದರೆ ಉದ್ದ ರೆಕ್ಕೆಯ, ಹಗುರ ಮೈಯ ವಿಮಾನ. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಟ್ಟರೆ ಹೇಗೆ ಓಡುತ್ತದೋ ಹಾಗೆ ಅದು ಗಾಳಿಯಲ್ಲಿ ಸದಾ ಕೆಳಮುಖವಾಗಿ ಜಾರುತ್ತಲೇ ಇರುತ್ತದೆ. ಆದರೆ ಆ ಇಳಿಜಾರು ತುಂಬ ಸಣ್ಣದು. ಕಲಿಯುವವರು ಬಳಸುವ ಸೂಪರ್ ಬ್ಲಾನಿಕ್ ಎಂಬ ಗ್ಲೈಡರ್ ಗಾಳಿ ಅಲುಗಾಡದ ದಿನ ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ 28 ಕಿಲೋಮೀಟರ್ ಮುಂದೆ ಹೋಗಬಲ್ಲದು. ಬಿಸಿಲಿಗೆ ಕಾದ ನೆಲದಿಂದ ಬೆಚ್ಚನೆಯ ಗಾಳಿ ಮೇಲೇಳುವ ಕಡೆ ಸುತ್ತುತ್ತ ನಿಂತರೆ ಗ್ಲೈಡರ್ ಮೇಲಕ್ಕೂ ಏರುತ್ತದೆ. ಮಧ್ಯಾಹ್ನದ ಹೊತ್ತು ಗರುಡ ರೆಕ್ಕೆ ಬಡಿಯದೆ ಸುತ್ತುವುದನ್ನು ನೋಡಿದ್ದೀರಲ್ಲ, ಅದೇ ವಿದ್ಯೆ.

ಪಂಚಾಂಗ ನೋಡುವ ಅಜ್ಜಂದಿರಿಗೆ ಖುಷಿ ಕೊಡುವ ಒಂದು ಸಂಗತಿ ಇದೆ. ನಮ್ಮ ದೇಶದ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರದವರು ತಾವು ರೂಪಿಸಿದ ಗ್ಲೈಡರುಗಳಿಗೆ ನಕ್ಷತ್ರಗಳ ಹೆಸರಿಟ್ಟರು. 1958ರಲ್ಲಿ ಹಾರಿದ್ದು ಅಶ್ವಿನಿ. ಆಮೇಲೆ ರೋಹಿಣಿ, ಭರಣಿ, ಕಾರ್ತಿಕ್, ಮೃಗಶೀರ್, ಆರ್ದ್ರಾ ಬಂದವು. ರೋಹಿಣಿಯಲ್ಲಿ ಮೇಷ್ಟ್ರು ಮತ್ತು ವಿದ್ಯಾರ್ಥಿ ಅಕ್ಕಪಕ್ಕದಲ್ಲಿ ಕೂರುತ್ತಿದ್ದರು. ನಾನು ಕಲಿತದ್ದು ಅದರಲ್ಲೇ. ಆಮೇಲೆ ಕಲಿಸಿದ್ದು ಮಾತ್ರ ಹೆಚ್ಚಾಗಿ ಒಬ್ಬರ ಹಿಂದೆ ಒಬ್ಬರು ಕೂರುವ ಗ್ಲೈಡರಿನಲ್ಲಿ. ಅದರಲ್ಲಿ ವಿದ್ಯಾರ್ಥಿಯ ಮುಖ ಮೇಷ್ಟ್ರಿಗೆ ಕಾಣುವುದಿಲ್ಲ, ಕಾಣುವುದು ಕತ್ತು ಮತ್ತು ಭುಜ. ಭುಜ ಕಿವಿಯ ಹತ್ತಿರಕ್ಕೆ ಏರಿತೆಂದರೆ ಮುಂದೆ ಕುಳಿತವರಿಗೆ ಭಯವಾಗಿದೆ ಎಂದು ತಿಳಿಯಬೇಕು.

ಆರು ನಿಮಿಷದ ಪಾಠ

ನಮ್ಮದು ದೊಡ್ಡ ವಿಮಾನ ನಿಲ್ದಾಣವೇನೂ ಅಲ್ಲ. ಊರಾಚೆಯ ಹುಲ್ಲು ಮೈದಾನ. ಒಂದು ತುದಿಯಲ್ಲಿ ಲಾರಿ ಇಂಜಿನಿನಂಥ ಇಂಜಿನ್ ಇರುವ ವಿಂಚ್ ಯಂತ್ರ, ಇನ್ನೊಂದು ತುದಿಯಲ್ಲಿ ಗ್ಲೈಡರ್, ಎರಡಕ್ಕೂ ನಡುವೆ ಸುಮಾರು ಒಂದು ಕಿಲೋಮೀಟರ್ ಉದ್ದದ ಉಕ್ಕಿನ ಕೇಬಲ್. ವಿಂಚ್ ಕೇಬಲ್ಲನ್ನು ರಭಸದಿಂದ ಸುತ್ತಿಕೊಳ್ಳುತ್ತಿದ್ದಂತೆ ಗ್ಲೈಡರ್ ಗಾಳಿಪಟದ ಹಾಗೆ ಮೇಲೇರುತ್ತದೆ. ಸಾವಿರ ಅಡಿಯ ಸುಮಾರಿಗೆ ಹಳದಿ ಗುಂಡಿ ಎಳೆದರೆ ಕೇಬಲ್ ಕಳಚಿ ಕೆಳಗೆ ಬೀಳುತ್ತದೆ. ಆಮೇಲೆ ಕಿವಿಗೆ ಕೇಳುವುದು ಗಾಳಿಯ ಸದ್ದು ಒಂದೇ.

ಬಿಸಿಗಾಳಿ ಸಿಗದ ಬೆಳಗಿನ ಹೊತ್ತು ಇಷ್ಟು ಎತ್ತರದಿಂದ ನೆಲಕ್ಕೆ ಬರಲು ಐದಾರು ನಿಮಿಷ ಸಾಕು. ಏರಿದ್ದೇ ತಡ, ಇಳಿಯುವ ಸಿದ್ಧತೆ. ಕಲಿಯಲು ಬಂದ ಮಕ್ಕಳಿಗೆ ಮೊದಲ ವಾರ ಇದು ನಿರಾಸೆ ತರುತ್ತದೆ. ‘ಹಾರೋದು ಕಲಿಸ್ತೀರಿ ಅಂತ ಬಂದ್ರೆ ಬರೀ ಇಳಿಯೋದೇ ಕಲಿಸ್ತೀರಲ್ಲ’ ಎನ್ನುತ್ತಾರೆ. ನಿಜ. ಹಾರುವುದು ಸುಲಭ, ಒಂದು ವಾರದಲ್ಲಿ ಕೈಗೆ ಬರುತ್ತದೆ. ಇಳಿಯುವುದಕ್ಕೆ ಕಣ್ಣು ಪಳಗಬೇಕು.

ಇಳಿಯುವ ದಾರಿಯನ್ನು ಹೀಗೆ ಊಹಿಸಿಕೊಳ್ಳಿ. ಗುಡಿಗೆ ಪೂರ್ತಿ ಪ್ರದಕ್ಷಿಣೆ ಹಾಕದೆ ಮೂರು ಬದಿ ಮಾತ್ರ ಸುತ್ತಿದರೆ ಹೇಗಿರುತ್ತದೆ? ಮೊದಲು ಮೈದಾನವನ್ನು ಪಕ್ಕಕ್ಕೆ ಇಟ್ಟುಕೊಂಡು ಗಾಳಿ ಬೀಸುವ ದಿಕ್ಕಿಗೇ ಹೋಗಬೇಕು. ಆಮೇಲೆ ತಿರುಗಿ ಮೈದಾನದ ತುದಿಗೆ ಅಡ್ಡಲಾಗಿ ಹೋಗಬೇಕು. ಮತ್ತೆ ತಿರುಗಿ ಗಾಳಿಗೆ ಮುಖ ಮಾಡಿ ನೇರವಾಗಿ ಇಳಿಯಬೇಕು. ಎದುರುಗಾಳಿ ಇದ್ದರೆ ನೆಲದ ಮೇಲಿನ ಓಟ ನಿಧಾನವಾಗುತ್ತದೆ, ಮುಟ್ಟಿದ ಮೇಲೆ ಬೇಗ ನಿಲ್ಲುತ್ತದೆ. ಕಾಗೆ ಗೋಡೆಯ ಮೇಲೆ ಕೂರುವಾಗ ಯಾವ ಕಡೆ ಮುಖ ಮಾಡಿ ಬರುತ್ತದೆ, ಗಾಳಿ ಇರುವ ದಿನ ಗಮನಿಸಿ ನೋಡಿ.

ಕೊನೆಯ ತಿರುವನ್ನು ಸುಮಾರು ಮುನ್ನೂರು ಅಡಿ ಎತ್ತರ ಇರುವಾಗಲೇ ಮುಗಿಸಬೇಕು ಎನ್ನುವುದು ನಮ್ಮ ಕಟ್ಟುನಿಟ್ಟಿನ ನಿಯಮ. ಯಾಕೆಂದರೆ ನಿಧಾನವಾಗಿ ಹೋಗುತ್ತಿರುವ ಗ್ಲೈಡರನ್ನು ಕೆಳಗೆ ಬಂದ ಮೇಲೆ ಅವಸರದಿಂದ ತಿರುಗಿಸಲು ಹೋದರೆ ಒಂದು ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ಕುಸಿಯುತ್ತದೆ, ಗ್ಲೈಡರ್ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ಎತ್ತರ ಇದ್ದರೆ ಅದರಿಂದ ಹೊರಬರುವುದು ಕಷ್ಟವಲ್ಲ, ನಾವೇ ಬೇಕೆಂದು ಮಾಡಿ ತೋರಿಸಿ ಹೊರಬರುವುದನ್ನು ಕಲಿಸುತ್ತೇವೆ. ನೆಲದ ಹತ್ತಿರ ಅದಕ್ಕೆ ಜಾಗ ಇರುವುದಿಲ್ಲ. ಗ್ಲೈಡರ್ ಅಪಘಾತಗಳಲ್ಲಿ ಜೀವಕ್ಕೆ ಕುತ್ತು ತಂದ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಹಾಗಾಗಿ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದುದು ಇಷ್ಟೇ: ಕೆಳಗಿದ್ದೀರಿ ಅನ್ನಿಸಿದರೆ ಚೌಕಟ್ಟು ಚೆಂದ ಕಾಣಲಿ ಎಂದು ಕಾಯಬೇಡಿ, ಬೇಗ ತಿರುಗಿ.

ಇಲ್ಲೊಂದು ಬೇವಿನ ಮರದ ಕಥೆ ಹೇಳಬೇಕು. ನಮ್ಮ ಮೈದಾನದ ಮೂಲೆಯಲ್ಲಿ ದೊಡ್ಡ ಬೇವಿನ ಮರವಿತ್ತು. ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಒಂದು ಸೂತ್ರ ಮಾಡಿಕೊಂಡಿದ್ದರು. ಬೇವಿನ ಮರದ ಮೇಲೆ ಬಂದಾಗ ಎತ್ತರದ ಮುಳ್ಳು ಐನೂರು ಅಡಿ ತೋರಿಸಬೇಕು, ಅಲ್ಲೇ ತಿರುಗಬೇಕು. ಹಳಬರು ಹೊಸಬರಿಗೆ ಇದನ್ನು ಗುಟ್ಟಿನ ಮಂತ್ರದಂತೆ ಹೇಳಿಕೊಡುತ್ತಿದ್ದರು. ಪರೀಕ್ಷೆಗೆ ಗೈಡ್ ಓದಿದ ಹಾಗೆ. ಪಾಸೇನೋ ಆಗುತ್ತಿದ್ದರು, ಆದರೆ ಗಾಳಿ ಜೋರಾದ ದಿನ ಅದೇ ಮರ, ಅದೇ ಐನೂರು ಅಡಿ ಸಾಲುತ್ತಿರಲಿಲ್ಲ. ಇನ್ನು ಮುಂದೆ ದೂರ ಹಾರುವಾಗ ಬಿಸಿಗಾಳಿ ಸಿಗದೆ ಯಾರದೋ ಹೊಲದಲ್ಲಿ ಇಳಿಯಬೇಕಾಗಿ ಬಂದರೆ ಅಲ್ಲಿ ಬೇವಿನ ಮರ ಎಲ್ಲಿಂದ ಬರಬೇಕು? ಎತ್ತರದ ಮುಳ್ಳನ್ನೂ ಅಲ್ಲಿ ನಂಬುವಂತಿಲ್ಲ. ನಾವು ಹೊರಟ ಮೈದಾನವನ್ನು ಸೊನ್ನೆ ಎಂದಿಟ್ಟುಕೊಂಡು ಅದು ತೋರಿಸುತ್ತದೆ, ಆ ಹೊಲ ಇನ್ನೂರು ಅಡಿ ಎತ್ತರದ ದಿಬ್ಬದಲ್ಲಿದ್ದರೆ ಅದಕ್ಕೇನು ಗೊತ್ತು?

ಅದಕ್ಕೇ ಕೆಲವು ದಿನ ನಾನು ಆ ಮುಳ್ಳಿನ ಮೇಲೆ ಒಂದು ಕಾಗದದ ಚೂರು ಅಂಟಿಸಿಬಿಡುತ್ತಿದ್ದೆ. ಮರವನ್ನೂ ನೋಡಬೇಡ, ಮುಳ್ಳನ್ನೂ ನೋಡಬೇಡ, ಇಳಿಯುವ ಜಾಗ ನೋಡು. ಅದು ನಿನ್ನ ಕಣ್ಣಿಗೆ ಎಷ್ಟು ಇಳಿಜಾರಾಗಿ ಕಾಣುತ್ತಿದೆ? ತೀರಾ ಚಪ್ಪಟೆಯಾಗಿ ಕಂಡರೆ ದೂರ ಬಂದಿದ್ದೀಯ, ಹತ್ತಿರ ಹೋಗು. ಬಾವಿಗೆ ಬಗ್ಗಿ ನೋಡಿದ ಹಾಗೆ ಕಂಡರೆ ತೀರಾ ಹತ್ತಿರವಿದ್ದೀಯ, ಸ್ವಲ್ಪ ದೂರ ಸರಿ. ಈ ಅಂದಾಜು ಯಾವ ಹೊಲಕ್ಕೆ ಹೋದರೂ ಜೊತೆಗೆ ಬರುತ್ತದೆ.

ನೀಲಿ ಹಿಡಿ, ಕೆಂಪು ದಾರ

ಗ್ಲೈಡರಿನ ಒಳಗೆ ಹಿಡಿಗಳಿಗೆಲ್ಲ ಬಣ್ಣ ಇರುತ್ತದೆ. ಹಳದಿ ಎಂದರೆ ಕೇಬಲ್ ಬಿಡುವ ಗುಂಡಿ. ನೀಲಿ ಎಂದರೆ ಏರ್‌ಬ್ರೇಕ್. ಅದನ್ನು ಎಳೆದರೆ ರೆಕ್ಕೆಯ ಮೇಲೆ ಪಟ್ಟಿಗಳು ಎದ್ದುನಿಂತು ಗಾಳಿಯ ಹರಿವನ್ನು ಕೆಡಿಸುತ್ತವೆ, ಗ್ಲೈಡರ್ ಹೆಚ್ಚು ಕಡಿದಾಗಿ ಇಳಿಯುತ್ತದೆ. 28 ಕಿಲೋಮೀಟರ್ ಜಾರುವ ಗ್ಲೈಡರನ್ನು ಒಂದು ಮೈದಾನದೊಳಗೆ ಇಳಿಸಬೇಕಾದರೆ ಇದು ಬೇಕೇ ಬೇಕು. ಎಳೆಯುವ ಮೊದಲು ಕೈ ಯಾವ ಹಿಡಿಯ ಮೇಲಿದೆ ಎಂದು ಕಣ್ಣಾರೆ ನೋಡಬೇಕು. ಗಾಬರಿಯಲ್ಲಿ ಬೇರೆ ಯಾವುದೋ ಹಿಡಿಯನ್ನು ಏರ್‌ಬ್ರೇಕ್ ಎಂದುಕೊಂಡು ಎಳೆದು, ‘ಯಾಕೆ ಇಳೀತಿಲ್ಲ’ ಎನ್ನುತ್ತಲೇ ಮೈದಾನ ದಾಟಿಹೋದವರು ಅನೇಕ ದೇಶಗಳಲ್ಲಿ ಇದ್ದಾರೆ.

ಇನ್ನು ಗ್ಲೈಡರಿನ ಅತಿ ಅಗ್ಗದ ಉಪಕರಣ. ಎದುರಿನ ಗಾಜಿನ ಮೇಲೆ ಹೊರಗಡೆ ಅಂಟಿಸಿದ ಗೇಣುದ್ದದ ಕೆಂಪು ಉಣ್ಣೆ ದಾರ. ಅಜ್ಜಿಯ ಸ್ವೆಟರ್ ಬುಟ್ಟಿಯಲ್ಲಿ ಸಿಗುವಂಥದ್ದೇ. ಅದು ನೇರವಾಗಿ ಹಿಂದಕ್ಕೆ ಹಾರುತ್ತಿದ್ದರೆ ಗ್ಲೈಡರ್ ಗಾಳಿಯನ್ನು ಸರಿಯಾಗಿ ಸೀಳಿಕೊಂಡು ಹೋಗುತ್ತಿದೆ ಎಂದರ್ಥ. ಪಕ್ಕಕ್ಕೆ ವಾಲಿದರೆ ಗ್ಲೈಡರ್ ಓರೆಯಾಗಿ ಜಾರುತ್ತಿದೆ. ಕೋಟಿ ಬೆಲೆಯ ಗ್ಲೈಡರಿನಲ್ಲೂ ಈ ದಾರ ಇರುತ್ತದೆ.

ನೇರವಾಗಿ ಇಳಿಯಲು ಶುರು ಮಾಡಿದ ಮೇಲೆ ಕಣ್ಣಿನ ಕೆಲಸ ಒಂದು ಗುರುತು ಹಿಡಿಯುವುದು. ಮೈದಾನದಲ್ಲಿ ಒಂದು ಜಾಗ ಆರಿಸಿಕೊಳ್ಳಬೇಕು, ಒಣಹುಲ್ಲಿನ ಒಂದು ಕಲೆಯೋ, ಸುಣ್ಣದ ಗೆರೆಯೋ ಯಾವುದಾದರೂ ಸರಿ. ವೇಗ ಒಂದೇ ಸಮ ಇರಬೇಕು, ಗಂಟೆಗೆ 90ರಿಂದ 100 ಕಿಲೋಮೀಟರ್. ಆಗ ಗುರುತು ಗಾಜಿನಲ್ಲಿ ಮೇಲಕ್ಕೆ ಸರಿಯುತ್ತಿದ್ದರೆ ನಾವು ಅಲ್ಲಿಗೆ ಮುಟ್ಟುವುದಿಲ್ಲ, ಈಚೆಗೇ ಇಳಿಯುತ್ತೇವೆ. ಏರ್‌ಬ್ರೇಕ್ ಸ್ವಲ್ಪ ಮುಚ್ಚಬೇಕು. ಕೆಳಕ್ಕೆ ಸರಿದು ಮೂಗಿನಡಿ ಹೋಗುತ್ತಿದ್ದರೆ ದಾಟಿಹೋಗುತ್ತೇವೆ, ಇನ್ನಷ್ಟು ತೆರೆಯಬೇಕು. ಅಲುಗದೆ ನಿಂತಲ್ಲೇ ದೊಡ್ಡದಾಗುತ್ತಿದ್ದರೆ ಲೆಕ್ಕ ಸರಿ. ಏರ್‌ಬ್ರೇಕನ್ನು ಅರ್ಧ ತೆರೆದುಕೊಂಡೇ ಬರುವುದು ಇದಕ್ಕಾಗಿ. ಆಗ ಹೆಚ್ಚು ಮಾಡಲೂ ಕಡಿಮೆ ಮಾಡಲೂ ಎರಡಕ್ಕೂ ಕೈಯಲ್ಲಿ ಉಳಿಕೆ ಇರುತ್ತದೆ.

ಗುರುತು ಮೇಲಕ್ಕೆ ಸರಿಯುವಾಗ, ಅಂದರೆ ಮೈದಾನ ಮುಟ್ಟುವುದಿಲ್ಲ ಅನ್ನಿಸಿದಾಗ, ಕೈ ತಾನಾಗಿಯೇ ಗ್ಲೈಡರಿನ ಮೂಗು ಎತ್ತಲು ಹೋಗುತ್ತದೆ. ಮನುಷ್ಯನ ಸ್ವಭಾವವೇ ಅದು. ಎತ್ತಿದರೆ ದೂರ ಹೋದೀತು ಎನ್ನುವ ಆಸೆ. ಆಗುವುದು ಮಾತ್ರ ಉಲ್ಟಾ. ವೇಗ ಸತ್ತು ಗ್ಲೈಡರ್ ಇನ್ನೂ ಮೊದಲೇ ಕುಸಿಯುತ್ತದೆ. ಈ ಒಂದು ಆಸೆಯನ್ನು ಕೈಯಿಂದ ಬಿಡಿಸಲು ನನಗೆ ಉಳಿದೆಲ್ಲ ಪಾಠಗಳಿಗಿಂತ ಹೆಚ್ಚು ದಿನ ಬೇಕಾಗುತ್ತಿತ್ತು.

ಗಾಳಿಯೂ ಮೋಸ ಮಾಡುತ್ತದೆ. ಹೊಳೆಯ ನೀರು ನಡುವೆ ಜೋರಾಗಿ, ದಡದ ಹತ್ತಿರ ಮೆಲ್ಲಗೆ ಹರಿಯುವುದನ್ನು ನೋಡಿರುತ್ತೀರಿ. ಗಾಳಿಯೂ ಹಾಗೆಯೇ, ನೆಲದ ಹತ್ತಿರ ಬಂದಂತೆ ಅದರ ವೇಗ ಕಡಿಮೆ. ಎದುರುಗಾಳಿ ಇದ್ದಕ್ಕಿದ್ದಂತೆ ಕಮ್ಮಿಯಾದರೆ ರೆಕ್ಕೆಗೆ ಸಿಗುವ ಗಾಳಿಯೂ ಕಮ್ಮಿ. ಅದಕ್ಕೇ ಗಾಳಿ ಇರುವ ದಿನ ಅದರ ವೇಗದಲ್ಲಿ ಅರ್ಧದಷ್ಟನ್ನು ನಮ್ಮ ವೇಗಕ್ಕೆ ಸೇರಿಸಿಕೊಂಡು ಬರುತ್ತೇವೆ.

‘ನೂರಾರು ಜನ ಕೂತಿರುವ ದೊಡ್ಡ ವಿಮಾನದ ಇಂಜಿನ್ನೇ ನಿಂತುಹೋದರೆ?’ ಎಂದು ನೀವು ಕೇಳಬಹುದು. ಹಾಗೆ ಆದದ್ದುಂಟು. ಕೆನಡಾ ದೇಶದಲ್ಲಿ 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು 41,000 ಅಡಿ ಎತ್ತರದಲ್ಲಿದ್ದಾಗ ಇಂಧನ ಪೂರ್ತಿ ಖಾಲಿಯಾಯಿತು. ಕಾರಣ ಗಣಿತ! ಕೆನಡಾ ಆಗಷ್ಟೇ ಪೌಂಡ್ ಬಿಟ್ಟು ಕಿಲೋಗ್ರಾಂಗೆ ಬದಲಾಗುತ್ತಿತ್ತು. ಬೇಕಾಗಿದ್ದದ್ದು 22,300 ಕಿಲೋಗ್ರಾಂ. ಲೆಕ್ಕ ಹಾಕುವಾಗ ಪೌಂಡಿನ ಅಳತೆ ಬಳಸಿದ್ದರಿಂದ ಅದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ವಿಮಾನ ಹೊರಟಿತ್ತು. ಒಳಗೆ 69 ಜನ. ಆ ದಿನ ಕ್ಯಾಪ್ಟನ್ ಆಗಿದ್ದ ರಾಬರ್ಟ್ ಪಿಯರ್ಸನ್ ಬಿಡುವಿನ ವೇಳೆಯಲ್ಲಿ ಗ್ಲೈಡರ್ ಹಾರಿಸುತ್ತಿದ್ದವರು. ಅವರು ಮತ್ತು ಸಹಪೈಲಟ್ ಮೊದಲು ವಿನ್ನಿಪೆಗ್ ನಗರದ ಕಡೆ ಹೊರಟರು. ಎತ್ತರ ಎಷ್ಟು ಕಳೆಯಿತು, ದೂರ ಎಷ್ಟು ಸಾಗಿತು ಎಂದು ಲೆಕ್ಕ ಹಾಕಿದಾಗ ಅಲ್ಲಿಗೆ ಮುಟ್ಟುವುದಿಲ್ಲ ಎಂದು ಗೊತ್ತಾಯಿತು. ಆಸೆ ಹಿಡಿದು ಮುಂದೆ ಹೋಗಲಿಲ್ಲ. ಗಿಮ್ಲಿ ಎಂಬ ಊರಿನ ಹಳೆಯ ವಾಯುಪಡೆ ಮೈದಾನಕ್ಕೆ ತಿರುಗಿಸಿದರು.

ಅಲ್ಲಿಗೆ ಬಂದಾಗ ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಇಂಜಿನ್ ನಿಂತಿದ್ದರಿಂದ ವೇಗ ತಗ್ಗಿಸುವ ಸಲಕರಣೆಗಳೂ ಕೆಲಸ ಮಾಡುತ್ತಿರಲಿಲ್ಲ. ಆಗ ಪಿಯರ್ಸನ್ ಗ್ಲೈಡರಿನಲ್ಲಿ ಕಲಿತ ಒಂದು ಹಳೆಯ ಉಪಾಯ ಮಾಡಿದರು. ವಿಮಾನವನ್ನು ಒಂದು ಕಡೆ ವಾಲಿಸಿ, ಮೂಗನ್ನು ಇನ್ನೊಂದು ಕಡೆ ತಿರುಗಿಸಿ, ಓರೆಯಾಗಿ ಜಾರಿಸಿದರು. ನಮ್ಮ ಕೆಂಪು ದಾರ ಪಕ್ಕಕ್ಕೆ ವಾಲುವುದು ಎಂದೆನಲ್ಲ, ಅದೇ. ಅಷ್ಟು ದೊಡ್ಡ ವಿಮಾನದ ಮೈ ಗಾಳಿಗೆ ಅಡ್ಡ ನಿಂತು ಎತ್ತರ ಬೇಗ ಇಳಿಯಿತು. ಆ ಮೈದಾನದಲ್ಲಿ ಅಂದು ಮೋಟಾರು ಪಂದ್ಯ ನೋಡಲು ಸಂಸಾರ ಸಮೇತ ಜನ ಸೇರಿದ್ದರು, ಸೈಕಲ್ ಹೊಡೆಯುತ್ತಿದ್ದ ಹುಡುಗರೂ ಇದ್ದರು. ಸದ್ದೇ ಇಲ್ಲದೆ ಬಂದ ವಿಮಾನ ಮುಂಚಕ್ರ ಮಡಚಿಕೊಂಡು ಮೂಗು ಉಜ್ಜುತ್ತ ಅವರಿಗಿಂತ ಮೊದಲೇ ನಿಂತಿತು. ಇಳಿಯುವ ಗಡಿಬಿಡಿಯಲ್ಲಿ ಕೆಲವರಿಗೆ ಸಣ್ಣಪುಟ್ಟ ಗಾಯವಾದದ್ದು ಬಿಟ್ಟರೆ ಎಲ್ಲರೂ ಕ್ಷೇಮ. ಮಳೆಗಾಲದಲ್ಲಿ ಹಾರಾಟ ನಿಂತಾಗ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಕಥೆಗಳಲ್ಲಿ ಇದು ಮೊದಲನೆಯದು.

ಗದಗದ ಹುಡುಗಿ

ಎನ್‌ಸಿಸಿಯಿಂದ ಬಂದಿದ್ದ ಗದಗ ಕಡೆಯ ಒಬ್ಬ ಹುಡುಗಿ ನೆನಪಾಗುತ್ತಾಳೆ. ಹದಿನೇಳು ವರ್ಷ, ಎರಡು ಜಡೆ, ಮಾತು ಕಡಿಮೆ. ಸುತ್ತು ಹಾಕುವುದು, ಗುರುತು ಹಿಡಿಯುವುದು, ವೇಗ ಕಾಯುವುದು ಎಲ್ಲ ಅಚ್ಚುಕಟ್ಟು. ಆದರೆ ನೆಲದ ಹತ್ತಿರ ಬಂದು ಗ್ಲೈಡರಿನ ಇಳಿತವನ್ನು ಮೆಲ್ಲಗೆ ಸಮ ಮಾಡಬೇಕಾದ ಆ ಕೊನೆಯ ಇಪ್ಪತ್ತು ಅಡಿಯಲ್ಲಿ ಎಲ್ಲ ಕೆಡುತ್ತಿತ್ತು. ಒಮ್ಮೆ ಬೇಗ ಎತ್ತಿಬಿಡುತ್ತಿದ್ದಳು, ಒಮ್ಮೆ ತಡವಾಗುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ನನ್ನ ಕೈ ಪ್ರತಿ ಸಲವೂ ಕೋಲು ಹಿಡಿಯಬೇಕಾಗುತ್ತಿತ್ತು. ಅವಳ ಜೊತೆ ಬಂದವರೆಲ್ಲ ಒಬ್ಬೊಬ್ಬರೇ ಹಾರಿಯಾಗಿತ್ತು. ಶಿಬಿರ ಮುಗಿಯಲು ನಾಲ್ಕು ದಿನ ಉಳಿದಿತ್ತು. ಈ ಸಲ ಆಗದಿದ್ದರೆ ಇನ್ನೊಮ್ಮೆ ಕಳಿಸುವ ಮನೆಯಲ್ಲ ಅವಳದು.

‘ಸರ್, ನೆಲ ಒಮ್ಮೆಲೇ ಮ್ಯಾಲೆ ಬಂದಂಗ ಆಗ್ತೈತ್ರಿ’ ಎಂದಳು.

‘ನೀ ಎಲ್ಲಿ ನೋಡ್ತಿಯವ್ವಾ?’ ಎಂದು ಕೇಳಿದೆ.

‘ನೆಲಾನ ನೋಡ್ತೀನ್ರಿ. ಮೂಗಿನ ಮುಂದ.’

ಅಲ್ಲೇ ಇತ್ತು ಕುತ್ತು. ಸೈಕಲ್ ಕಲಿಯುವಾಗ ಮುಂದಿನ ಚಕ್ರವನ್ನೇ ನೋಡುತ್ತಿದ್ದರೆ ಏನಾಗುತ್ತದೆ? ಬೀಳುತ್ತೇವೆ. ಹತ್ತಿರದ ನೆಲ ಗಂಟೆಗೆ 90 ಕಿಲೋಮೀಟರಿನಲ್ಲಿ ಕಲಸಿದಂತೆ ಓಡುವಾಗ ಎತ್ತರ ತಿಳಿಯುವುದಿಲ್ಲ. ಮೈದಾನದ ಆಚೆ ತುದಿ ನೋಡಿದರೆ ಅಕ್ಕಪಕ್ಕದ ನೆಲ ಏರುವುದು ಕಣ್ಣಂಚಿನಲ್ಲಿ ತಾನಾಗಿ ಗೊತ್ತಾಗುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಮರುದಿನದಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳನ್ನು ನಿಂತ ಗ್ಲೈಡರಿನಲ್ಲಿ ಕೂರಿಸಿದೆ. ರೆಕ್ಕೆಯನ್ನು ಒಬ್ಬ ಹುಡುಗ ಸಮವಾಗಿ ಹಿಡಿದು ನಿಂತ. ‘ಹತ್ತು ನಿಮಿಷ ಆ ತುದಿಯ ಗಿಡಗಳನ್ನು ನೋಡು. ಗಾಜಿನಲ್ಲಿ ಬಾನಂಚು ಎಲ್ಲಿದೆ, ಮೂಗು ಎಲ್ಲಿದೆ, ಕಣ್ಣಿಗೆ ಬರೆದುಕೊ. ನೆಲ ಮುಟ್ಟುವಾಗ ಇದೇ ಚಿತ್ರ ಬರಬೇಕು’ ಎಂದೆ. ಆಮೇಲೆ ಹಾರುವಾಗ ನಾನು ಹೇಳುತ್ತಿದ್ದುದು ಎರಡೇ ಮಾತು: ‘ದೂರ ನೋಡು’ ಮತ್ತು ‘ಹಿಡಕೊ, ಹಿಡಕೊ’. ನೆಲದಿಂದ ಎರಡಡಿ ಮೇಲೆ ಗ್ಲೈಡರನ್ನು ಇಳಿಯಬಿಡದೆ ಹಿಡಿದುಕೊಂಡಷ್ಟೂ ಅದರ ವೇಗ ಕರಗಿ ಕೊನೆಗೆ ತಾನಾಗಿಯೇ ಕುಳಿತುಕೊಳ್ಳುತ್ತದೆ. ಮೂರನೇ ದಿನ ನನ್ನ ಕೈ ನನ್ನ ತೊಡೆಯ ಮೇಲೇ ಉಳಿಯಿತು. ಅವಳ ಭುಜವೂ ಕೆಳಗಿತ್ತು.

ಕೊನೆಯ ದಿನ ಅವಳನ್ನು ಊರಿಗೆ ಕರೆದೊಯ್ಯಲು ಅವಳಜ್ಜ ಬಂದರು. ಬಿಳಿ ಪಟಗ, ಹೆಗಲ ಮೇಲೆ ಟವೆಲ್ಲು. ಬೇವಿನ ನೆರಳಿನಲ್ಲಿ ಕುಳಿತು ಒಂದು ಗಂಟೆ ಸುಮ್ಮನೆ ಎಲ್ಲರೂ ಇಳಿಯುವುದನ್ನು ನೋಡಿದರು. ಆಮೇಲೆ ನನ್ನನ್ನು ಕರೆದು, ‘ಇದು ನಮ್ಮ ಚಕ್ಕಡಿ ಇದ್ದಂಗ ಐತಿ ಬಿಡ್ರಿ. ಇಳಿಜಾರಿಗೆ ಬಿದ್ದ ಮ್ಯಾಲೆ ಎತ್ತು ಜಗ್ಗಿದ್ರ ಏನ್ ಬಂತು? ದಿನ್ನಿ ಮ್ಯಾಲ ಇದ್ದಾಗನ ಹಗ್ಗ ಬಿಗಿ ಹಿಡೀಬೇಕು’ ಎಂದರು. ನಾನು ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಿದ್ದ ಪಾಠ ಅದು.

ಒಬ್ಬರೇ ಹಾರುವ ದಿನವನ್ನು ನಾವು ಮೊದಲೇ ಹೇಳುವುದಿಲ್ಲ. ಹೇಳಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಎರಡು ಸಲ ಅವಳ ಜೊತೆ ಹಾರಿ, ಮೂರನೇ ಸಲ ನಾನು ಇಳಿದು ಹಿಂದಿನ ಸೀಟಿನ ಪಟ್ಟಿಗಳನ್ನು ಬಿಗಿದು ಕಟ್ಟಿದೆ. ‘ನಾನು ಇಲ್ಲದಿದ್ದರೆ ಗ್ಲೈಡರ್ ಹಗುರ. ಬೇಗ ಏರುತ್ತದೆ, ಇಳಿಯುವಾಗ ಸ್ವಲ್ಪ ಹೆಚ್ಚು ತೇಲುತ್ತದೆ. ಅಷ್ಟೇ ವ್ಯತ್ಯಾಸ’ ಎಂದೆ. ಅವಳು ತಲೆಯಾಡಿಸಿದಳು. ಆಗ ನಮ್ಮ ಗ್ಲೈಡರಿನಲ್ಲಿ ರೇಡಿಯೋ ಇರಲಿಲ್ಲ. ಕೇಬಲ್ ಬಿಗಿಯಾದ ಮೇಲೆ ಮೇಷ್ಟ್ರ ಮಾತು ಮುಗಿಯಿತು.

ಏರಿದಳು. ಕೇಬಲ್ ಬಿಟ್ಟಳು. ಒಂದು ಸುತ್ತು ನೋಡಿಕೊಂಡು ಮೈದಾನದ ಪಕ್ಕಕ್ಕೆ ಬಂದಳು. ಎಲ್ಲ ಸರಿಯಾಗಿತ್ತು. ಅವಳು ಮೈದಾನದ ತುದಿಗೆ ಅಡ್ಡಲಾಗಿ ತಿರುಗುತ್ತಿದ್ದ ಹೊತ್ತಿಗೆ ಬದುವಿನ ಆಚೆಯಿಂದ ನಾಲ್ಕು ಎಮ್ಮೆ ಹತ್ತಿ ಬಂದು, ಎಲ್ಲರೂ ಇಳಿಯುವ ಜಾಗಕ್ಕೇ ನಡೆದವು. ಹುಡುಗರು ಕೂಗುತ್ತ ಓಡಿದರು. ಅವರಿಗೂ ಎಮ್ಮೆಗಳಿಗೂ ನಡುವೆ ಮುನ್ನೂರು ಮೀಟರ್. ಎಮ್ಮೆಗಳಿಗೆ ಅವಸರವಿರಲಿಲ್ಲ. ಅಜ್ಜ ಎದ್ದು ನಿಂತರು. ನನಗೆ ಮಾಡಲು ಏನೂ ಇರಲಿಲ್ಲ.

ಕೊನೆಯ ತಿರುವು ಮುಗಿಸಿ ನೇರವಾದಾಗ ಅವಳ ರೆಕ್ಕೆಯ ಮೇಲೆ ಏರ್‌ಬ್ರೇಕ್ ಪಟ್ಟಿಗಳು ಕಾಣಲಿಲ್ಲ. ಮುಚ್ಚಿಕೊಂಡೇ ಬಂದಳು. ಗ್ಲೈಡರ್ ಎಮ್ಮೆಗಳ ಮೇಲೆ ಸಾಕಷ್ಟು ಎತ್ತರದಲ್ಲಿ ದಾಟಿತು. ಮೂಗು ಒಂದಿಷ್ಟೂ ಏರಲಿಲ್ಲ, ವೇಗ ಬಿಡಲಿಲ್ಲ. ದಾಟಿದ ಮೇಲೆ ಪಟ್ಟಿಗಳು ಎದ್ದವು. ಮೈದಾನದ ನಡುಭಾಗವನ್ನೂ ದಾಟಿ, ನೆಲದ ಮೇಲೆ ಎರಡಡಿ ಎತ್ತರದಲ್ಲಿ ಓಡಿ, ಓಡಿ, ಕುಳಿತಿತು. ನಿಲ್ಲುವವರೆಗೂ ರೆಕ್ಕೆ ಸಮವಾಗಿತ್ತು.

ಓಡಿಹೋಗಿ ಗಾಜು ತೆಗೆದು, ‘ಎಮ್ಮೆ ಯಾವಾಗ ನೋಡಿದೆ?’ ಎಂದು ಕೇಳಿದೆ.

‘ಪಕ್ಕದಾಗ ಹೊಂಟಾಗನ ನೋಡಿದೆ ಸರ್, ಬದುವಿನ ಆಚೆ ಇದ್ದಾಗ. ಮುಖ ಈ ಕಡೆ ಇತ್ರಿ. ಎಮ್ಮಿ ಒಮ್ಮೆ ನಡದ್ವು ಅಂದ್ರ ಹೊಳ್ಳಂಗಿಲ್ಲ. ಅಲ್ಲೇ ವಿಚಾರ ಮಾಡಿದೆ, ಇವತ್ತ ಆಚಿಕಡೆ ಇಳೀಬೇಕಂತ.’

ಮೈದಾನದಲ್ಲಿ ನಿಂತಿದ್ದ ನಾವು ಹತ್ತು ಜನ ಎಮ್ಮೆ ನೋಡುವ ಮೊದಲೇ ಮೇಲಿದ್ದ ಅವಳು ನೋಡಿ, ಇಳಿಯುವ ಜಾಗ ಬದಲಾಯಿಸಿ ಆಗಿತ್ತು. ಗ್ಲೈಡರನ್ನು ಅಷ್ಟು ದೂರದಿಂದ ತಳ್ಳಿಕೊಂಡು ಬರಲು ಅರ್ಧ ಗಂಟೆ ಹಿಡಿಯಿತು. ಸಾಮಾನ್ಯವಾಗಿ ಹುಡುಗರು ತಳ್ಳುವ ಕಷ್ಟಕ್ಕೆ ಹೆದರಿಯೇ ತೀರಾ ಈಚೆಗೆ ಇಳಿಯಲು ನೋಡುತ್ತಾರೆ. ಅಂದು ಯಾರೂ ಗೊಣಗಲಿಲ್ಲ. ಅಜ್ಜನೂ ಒಂದು ರೆಕ್ಕೆಗೆ ಕೈ ಕೊಟ್ಟರು.

ಗುರುತು ಹಿಡಿಯುವ ಆಟವನ್ನು ನೀವು ಗ್ಲೈಡರ್ ಇಲ್ಲದೆಯೂ ಆಡಬಹುದು. ಅಜ್ಜಿಯಿಂದ ಒಂದು ಸಣ್ಣ ಬಿಂದಿ ಕೇಳಿ ಪಡೆಯಿರಿ. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿದಾಗ ಡ್ರೈವರಿಗೆ ಅಡ್ಡವಾಗದಂತೆ ಎದುರಿನ ಗಾಜಿನ ಮೇಲೆ, ಬಸ್ಸು ಹೋಗುತ್ತಿರುವ ನೇರಕ್ಕೆ ಅಂಟಿಸಿ. ತಲೆ ಅಲುಗಿಸಬೇಡಿ. ಸೇತುವೆಯ ಇಳಿಜಾರು ಇಳಿಯುವಾಗ ನೋಡುತ್ತಿರಿ. ಹತ್ತಿರದ ರಸ್ತೆ ಕೆಳಕ್ಕೆ ಸರಿದುಹೋಗುತ್ತದೆ, ಪಕ್ಕದ ಕಂಬಗಳು ಪಕ್ಕಕ್ಕೆ ಸರಿದುಹೋಗುತ್ತವೆ. ಬಸ್ಸು ಯಾವ ಜಾಗಕ್ಕೆ ನೇರ ಹೊರಟಿದೆಯೋ ಅದೊಂದು ಮಾತ್ರ ಸರಿಯದೆ, ನಿಂತಲ್ಲೇ ದೊಡ್ಡದಾಗುತ್ತ ಬರುತ್ತದೆ. ಇಳಿಯುವಾಗ ಬಿಂದಿ ಕಿತ್ತುಕೊಳ್ಳಲು ಮರೆಯಬೇಡಿ, ಕಂಡಕ್ಟರ್ ಬೈದಾರು.